ಅಣ್ಣನ ಕಲ್ಲಿಗೆ ನನ್ನ ಮುಖ

ನಮ್ಮೂರಿನ ಬಸ್ ನಿಲ್ದಾಣದ ಎದುರು, ಯಲಬುರ್ಗಾ ದಾರಿಯೂ ಕುಷ್ಟಗಿ ದಾರಿಯೂ ಕವಲೊಡೆಯುವಲ್ಲಿ, ಮೂರು ಮೆಟ್ಟಿಲ ಕಟ್ಟೆಯ ಮೇಲೆ ಆಳೆತ್ತರದ ಕೆಂಪು ಕಲ್ಲೊಂದು ನಿಂತಿದೆ. ಮೇಲುಗಡೆ ಬಂದೂಕು, ಬಂದೂಕಿನ ತಲೆಗೆ ಉಕ್ಕಿನ ಟೋಪಿ. ನಡುವೆ ಒಂದು ವೃತ್ತ, ವೃತ್ತದೊಳಗೆ ಒಬ್ಬ ಯೋಧನ ಮುಖ. ಕೆಳಗೆ ನನ್ನ ಅಣ್ಣ ಹುಲಗಪ್ಪನ ಹೆಸರು. ಹೆಸರು ಅವನದು, ಮುಖ ನನ್ನದು. ಇದನ್ನು ಬಲ್ಲವರು ಊರಲ್ಲಿ ಈಗ ಕಡಿಮೆ. ಬಸ್ಸಿಗೆ ಕಾಯುವವರು ಆ ಕಟ್ಟೆಯ ಮೇಲೆ ಚೀಲ ಇಟ್ಟುಕೊಂಡು ಕೂರುತ್ತಾರೆ. ಆಗಸ್ಟ್ ಹದಿನೈದಕ್ಕೆ ಶಾಲೆಯ ಮಕ್ಕಳು ಬಂದು ಹಾರ ಹಾಕಿ ಹೋಗುತ್ತಾರೆ. ನಾನು ಮಾತ್ರ ಬಸ್ಸಿಳಿದೊಡನೆ ಸೆರಗು ಎಳೆದುಕೊಂಡು ಹಿಂದಿನ ಓಣಿ ಹಿಡಿಯುತ್ತೇನೆ. ಯಾರಾದರೂ ಕಲ್ಲನ್ನೂ ನನ್ನನ್ನೂ ಒಟ್ಟಿಗೆ ನೋಡಿಬಿಟ್ಟಾರು ಎಂಬ ಹನ್ನೆರಡನೆಯ ವಯಸ್ಸಿನ ಹೆದರಿಕೆ ಐವತ್ತರ ಹತ್ತಿರ ಬಂದರೂ ನನ್ನನ್ನು ಬಿಟ್ಟಿಲ್ಲ.

ನಮ್ಮದು ಮಣ್ಣಿನ ಮಾಳಿಗೆಯ ಎರಡು ಕೋಣೆಯ ಮನೆ. ಮುಂದೆ ಪಡಸಾಲೆ, ಒಳಗೆ ಕತ್ತಲೆಯ ಅಡುಗೆಮನೆ, ಅದರ ಹಿಂಬಾಗಿಲು ತೆರೆದರೆ ಕಣ್ಣು ಕುಕ್ಕುವ ಬಿಸಿಲಿನ ಹಿತ್ತಲು. ಹಿತ್ತಲಿನ ಬೇವಿನ ಮರದ ಕೆಳಗೆ ಅಪ್ಪ ಯಮನಪ್ಪನ ಕೆಲಸ. ಬೀಸುಕಲ್ಲು, ಒರಳು, ಹೊಸ್ತಿಲ ಕಲ್ಲು, ಅಪರೂಪಕ್ಕೊಮ್ಮೆ ನಾಗರ ಕಲ್ಲು, ಒಮ್ಮೆ ಯಾವುದೋ ಹಳ್ಳಿಗೆ ಹನುಮಪ್ಪ. ಮನುಷ್ಯರ ಮುಖವನ್ನು ಅವನು ಎಂದೂ ಕಡೆದವನಲ್ಲ. ಬೆಳಿಗ್ಗೆ ಅವ್ವ ರೊಟ್ಟಿ ಬಡಿಯುವ ಸದ್ದು, ಅಪ್ಪ ಉಳಿ ಹೊಡೆಯುವ ಸದ್ದು, ಎರಡೂ ಒಂದಕ್ಕೊಂದು ಸೇರಿಕೊಂಡು ನಮ್ಮನ್ನು ಎಬ್ಬಿಸುತ್ತಿದ್ದವು. ಎಷ್ಟು ಸಾಣಿಗೆ ಹಿಡಿದರೂ ನಮ್ಮ ಮನೆಯ ಹಿಟ್ಟಿನಲ್ಲಿ ಕಲ್ಲಿನ ಪುಡಿ ಸಿಗುತ್ತಿತ್ತು. ರೊಟ್ಟಿ, ಪುಂಡಿಪಲ್ಯ ಬಾಯಿಗಿಟ್ಟುಕೊಂಡ ಅಣ್ಣ ಹಲ್ಲಿಗೆ ಸಿಕ್ಕ ಕಣವನ್ನು ನಾಲಿಗೆ ತುದಿಯಲ್ಲಿ ತಂದು ತೋರಿಸುತ್ತಿದ್ದ.

"ಯಪ್ಪಾ, ನಿನ್ನ ಗುಡ್ಡ ಅರ್ಧ ನಾವ ತಿಂದ್ವಿ ನೋಡು."

ಅವ್ವ ನಗುತ್ತಿದ್ದಳು. ನಕ್ಕರೆ ಬಲಗೈಯಿಂದ ಅಣ್ಣನ ಗಲ್ಲ ಹಿಡಿಯುವುದು, ಎಡಗೈಯಿಂದ ನನ್ನ ಗಲ್ಲ ಹಿಡಿಯುವುದು ಅವಳ ರೂಢಿ. ನಮ್ಮಿಬ್ಬರ ನಡುವೆ ಹತ್ತು ವರ್ಷದ ಅಂತರ. ನಡುವೆ ಹುಟ್ಟಿದ ಎರಡು ಕೂಸುಗಳು ಉಳಿದಿರಲಿಲ್ಲ. ಆದರೂ ಒಂದೇ ಅಚ್ಚಿನಲ್ಲಿ ತೆಗೆದಂತಿದ್ದೆವು: ಅಗಲ ಹಣೆ, ಕೂಡಿದ ಹುಬ್ಬು, ಗಲ್ಲದ ನಡುವೆ ಬೆರಳು ಒತ್ತಿದಂಥ ಕುಳಿ. ಹುಣ್ಣಿಮೆಗೆ ಹುಲಿಗಿಯ ದೇವಿಗೆ ಹೋದಾಗ, ನದಿಯಲ್ಲಿ ಮುಳುಗಿ ಎದ್ದ ನನ್ನನ್ನು ಅಣ್ಣ ಹೆಗಲ ಮೇಲೆ ಕೂರಿಸಿಕೊಂಡು ಗುಡಿಯ ಕಡೆ ನಡೆದರೆ, ಪರಿಚಯವಿಲ್ಲದ ಹೆಂಗಸರು ಕೂಡ ನಿಂತು ನೋಡಿ, 'ಒಡಹುಟ್ಟಿದಾವು ಅಂತ ಕೇಳೂದ ಬ್ಯಾಡ' ಎನ್ನುತ್ತಿದ್ದರು. ಅದು ನನ್ನ ಬಾಲ್ಯದ ಬಹುದೊಡ್ಡ ಹೆಮ್ಮೆಯಾಗಿತ್ತು.

ಅಣ್ಣ ಸೈನ್ಯಕ್ಕೆ ಸೇರಿ ಮೂರು ವರ್ಷವಾಗಿತ್ತು. ಗಡಿಯಲ್ಲಿ ಅವನಿದ್ದ ಬಂಕರಿನ ಮೇಲೆ ಷೆಲ್ ಬಿತ್ತು. ಐದನೆಯ ದಿನ ಪೆಟ್ಟಿಗೆ ಬಂತು. ಧ್ವಜ ಹೊದಿಸಿದ್ದ ಆ ಪೆಟ್ಟಿಗೆಯನ್ನು ಪಡಸಾಲೆಯಲ್ಲಿ, ಅವನು ಮಲಗುತ್ತಿದ್ದ ಜಾಗದಲ್ಲೇ ಇಳಿಸಿದರು. ಅವ್ವ ಅದರ ಮುಚ್ಚಳಕ್ಕೆ ಉಗುರು ಹಾಕಿ ಎಳೆಯತೊಡಗಿದಳು. ಜೊತೆಗೆ ಬಂದಿದ್ದ ಸುಬೇದಾರರು ಕನ್ನಡದವರೇ; ಅವ್ವನ ಮುಂದೆ ಮೊಣಕಾಲೂರಿ ಕುಳಿತು, ಅವಳ ಎರಡೂ ಕೈ ಹಿಡಿದುಕೊಂಡು ಹೇಳಿದರು:

"ತೆಗಿಯೋದು ಬೇಡ ತಾಯಿ. ನಿಮ್ಮ ಮಗ ನಿಮ್ಮ ಕಣ್ಣಲ್ಲಿ ಹೇಗಿದ್ದನೋ ಹಾಗೇ ಇರಲಿ."

ಅವ್ವ ಅವರ ಮುಖ ನೋಡಿದಳು. ಆಮೇಲೆ ಅಪ್ಪನ ಮುಖ ನೋಡಿದಳು. ಅಪ್ಪ ಬೇಡವೆಂದು ತಲೆಯಾಡಿಸಿದ. ಪೆಟ್ಟಿಗೆ ತೆರೆಯದೆಯೇ ಮಣ್ಣಿಗೆ ಹೋಯಿತು. ಅಣ್ಣನ ಟ್ರಂಕು ಮಾತ್ರ ಹಿಂದಿನಿಂದ ಬಂದು ಅಡುಗೆಮನೆಯ ಮೂಲೆ ಸೇರಿತು.

ನಾಲ್ಕು ತಿಂಗಳ ಮೇಲೆ ಊರಿನವರು ಸೇರಿ ಒಂದು ಸ್ಮಾರಕ ಸಮಿತಿ ಮಾಡಿದರು. ಅದರ ಮುಂದಾಳು ನಿವೃತ್ತ ಹೆಡ್ ಮಾಸ್ತರರು. ಅಣ್ಣನಿಗೂ ನನಗೂ ಅಕ್ಷರ ಕಲಿಸಿದವರು, ಒಳ್ಳೆಯ ಮನುಷ್ಯ. ಗ್ರಾಫ್ ಹಾಳೆಯ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಅವರು ಮನೆಗೆ ಬಂದ ಸಂಜೆ ಅಪ್ಪ ಕೆಲಸವಿಲ್ಲದೆ ಬೇವಿನ ಮರದ ಕೆಳಗೆ ಕುಳಿತಿದ್ದ. ಅಣ್ಣ ಹೋದ ಮೇಲೆ ಅವನು ಉಳಿ ಮುಟ್ಟಿರಲಿಲ್ಲ.

"ಯಮನಪ್ಪ, ಹೊರಗಿನವ್ರ ಕೈಲೆ ಮಾಡ್ಸಿದ್ರ ಅದು ಬರೇ ಕಲ್ಲಾಗತೈತಿ. ನೀನ ಮಾಡು. ನಕ್ಷೆ ನಾ ಬರದೀನಿ ನೋಡು."

ಮಾಸ್ತರರು ಹಾಳೆ ಬಿಡಿಸಿದರು. ಕಟ್ಟೆ, ಮೆಟ್ಟಿಲು, ಕಲ್ಲು, ಬಂದೂಕು, ಟೋಪಿ, ಹೆಸರು. ಒಂದೊಂದಕ್ಕೂ ಅಡಿ, ಇಂಚು ಬರೆದಿದ್ದರು. ಅಪ್ಪ ಅದರಲ್ಲಿ ಮುಖ ಹುಡುಕಿದ.

"ಮಾರಿ ಎಲ್ಲೈತ್ರಿ ಮಾಸ್ತರ್ರ?"

"ಮಾರಿ ಬ್ಯಾಡಪ್ಪ. ಎಲ್ಲಾ ಕಡಿಗೂ ಹಿಂಗ ಇರತೈತಿ. ಮಾರಿ ಮಾಡಾಕ ಹೋದ್ರ ಏನರ ಹೆಚ್ಚುಕಡಿಮಿ ಆಗತೈತಿ."

"ಕೆರಿ ಏರಿ ಮ್ಯಾಲ ವೀರಗಲ್ಲು ಐತಲ್ರಿ, ಸಣ್ಣಾಂವ ಇದ್ದಾಗಿಂದ ನೋಡೀನಿ. ಕತ್ತಿ ಐತಿ, ಕುದರಿ ಐತಿ, ಮ್ಯಾಲ ಲಿಂಗ ಐತಿ. ಮಾರಿ ಮಾತ್ರ ಸವದು ಸಪಾಟ ಆಗೈತಿ. ಅಂವ ಯಾರ ಮಗ ಅಂತ ಯಾರಿಗರ ಗೊತ್ತೈತೇನ್ರಿ? ದನ ಮೈ ತಿಕ್ಕೊಂತಾವ. ನನ್ನ ಮಗಗ ಮಾರಿ ಇರ್ಲ್ರಿ."

ಮಾಸ್ತರರು ಜೇಬಿನಿಂದ ಪೆನ್ಸಿಲ್ ತೆಗೆದು ನಕ್ಷೆಯ ನಡುವೆ ಒಂದು ವೃತ್ತ ಎಳೆದು ಎದ್ದುಹೋದರು.

ಜಗಳ ಶುರುವಾದದ್ದು ಮರುದಿನ ಊಟದ ಹೊತ್ತಿಗೆ. ನಮ್ಮ ಮನೆಯಲ್ಲಿ ಅವ್ವ ಅಪ್ಪನಿಗೆ ಎದುರು ಮಾತಾಡಿದ್ದು ನಾನು ಕೇಳಿರಲಿಲ್ಲ. ಅಂದು ಅವಳು ಹೆಂಚಿನ ಮೇಲೆ ರೊಟ್ಟಿ ಹಾಕಿ, ತಿರುವಿಹಾಕುವುದನ್ನು ಮರೆತು ಕುಳಿತಳು. ರೊಟ್ಟಿ ಸೀದ ವಾಸನೆ ಕೋಣೆ ತುಂಬಿತು.

"ಕಂಬ ಮಾಡ್ರಿ, ಬಂದೂಕ ಮಾಡ್ರಿ, ನಾ ಏನೂ ಅನ್ನಂಗಿಲ್ಲ. ಮಾರಿ ಮಾತ್ರ ಮಾಡಬ್ಯಾಡ್ರಿ."

"ಯಾಕ?"

"ಪೆಟಗಿ ತಗದು ತೋರಸ್ಲಿಲ್ಲ. ನಾ ನೋಡ್ಲಿಲ್ಲ. ನೋಡ್ಲಿಲ್ಲಂತನ ಅಂವ ಎಲ್ಲೋ ಅದಾನ ಅಂತ ನನಗ ಅನಸ್ತೈತಿ. ನೀವು ಮಾರಿ ಕಡದು ಚೌಕದಾಗ ನಿಂದ್ರಿಸಿದ್ರ ಆತು, ಅಂವ ಖರೇನ ಸತ್ತಂಗ."

ಅಪ್ಪ ಸೀದ ರೊಟ್ಟಿಯನ್ನೇ ಮುರಿದು ತಿಂದ. ಒಂದು ವಾರದಲ್ಲಿ ಕುಷ್ಟಗಿ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಕೆಂಪು ಕಲ್ಲು ಬಂತು. ಹಿತ್ತಲ ಗೋಡೆಯ ಒಂದು ಭಾಗ ಕೆಡವಿ ಅದನ್ನು ಒಳಗೆ ತಂದರು. ಮತ್ತೆ ಉಳಿಯ ಸದ್ದು ಶುರುವಾಯಿತು. ಈಗ ಮಾತ್ರ ಅವ್ವ ಆ ಸದ್ದು ಕೇಳಿದೊಡನೆ ಬುತ್ತಿ ಕಟ್ಟಿಕೊಂಡು ಕೂಲಿಗೆ ಹೊರಟುಬಿಡುತ್ತಿದ್ದಳು; ಕೂಲಿ ಇಲ್ಲದ ದಿನವೂ ಹೊರಡುತ್ತಿದ್ದಳು.

ಬಂದೂಕು ಆಯಿತು, ಟೋಪಿ ಆಯಿತು, ಹೆಸರೂ ಆಯಿತು. ವೃತ್ತ ಮಾತ್ರ ಹಾಗೇ ಉಳಿಯಿತು. ಅಣ್ಣನದಾಗಿ ನಮ್ಮಲ್ಲಿದ್ದದ್ದು ಒಂದೇ ಫೋಟೋ. ಸೈನ್ಯಕ್ಕೆ ಸೇರಿದ ಹೊಸತರಲ್ಲಿ ಗುರುತಿನ ಚೀಟಿಗೆ ತೆಗೆಸಿದ್ದು, ಹೆಬ್ಬೆರಳಿನಷ್ಟೇ ಗಾತ್ರದ್ದು. ಟೋಪಿ ಹುಬ್ಬಿನ ತನಕ ಇಳಿದಿತ್ತು, ಹೆದರಿದವನಂತೆ ಕಣ್ಣು ಅಗಲಿಸಿದ್ದ. ಅಪ್ಪ ಅದನ್ನು ಹಿಡಿದುಕೊಂಡು ಅಣ್ಣನ ಗೆಳೆಯರನ್ನು ಕೇಳಿದ, ಕ್ಷೌರದವನನ್ನು ಕೇಳಿದ. ಒಬ್ಬ ಮುಖ ದುಂಡಗಿತ್ತು ಎಂದ, ಇನ್ನೊಬ್ಬ ಕೋಲುಮುಖ ಎಂದ. ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬಂದಾಗ ಅಪ್ಪ ಕಲ್ಲಿಗೆ ಹಣೆ ಹಚ್ಚಿ ಕುಳಿತಿದ್ದ. ನನ್ನನ್ನು ಕಂಡವನೇ ಕಳ್ಳತನ ಒಪ್ಪಿಕೊಳ್ಳುವವನ ದನಿಯಲ್ಲಿ ಹೇಳಿದ:

"ಗಂಗೀ, ನನಗ ಅವನ ಮಾರಿ ನೆನಪಿಗಿ ಬರವಲ್ದು. ಹೆತ್ತಪ್ಪ ನಾನು. ಬರವಲ್ದು."

ಆಮೇಲೆ ನನ್ನನ್ನೇ ನೋಡುತ್ತ ಉಳಿದ.

"ಇಲ್ಲಿ ಬಾ. ಕುಂದ್ರು. ಆ ಕಡೆ ನೋಡು."

ಅಂದಿನಿಂದ ದಿನವೂ ಶಾಲೆ ಬಿಟ್ಟ ಮೇಲೆ ನಾನು ಮುರಿದ ಒರಳಿನ ಮೇಲೆ ಕೂರತೊಡಗಿದೆ. ಅಪ್ಪ ಜೋಳದ ದಂಟಿನ ಸಿಬಿರಿನಿಂದ ನನ್ನ ಹುಬ್ಬಿನಿಂದ ಮೂಗಿಗೆ, ಮೂಗಿನಿಂದ ಗಲ್ಲಕ್ಕೆ ಅಳತೆ ತೆಗೆದು ಕಲ್ಲಿನ ಮೇಲೆ ಗುರುತು ಹಾಕುತ್ತಿದ್ದ. ಒರಟು ಬೆರಳಿನಿಂದ ನನ್ನ ಕೆನ್ನೆಯ ಎಲುಬು ಸವರಿ, ಅದೇ ಬೆರಳಿನಿಂದ ಕಲ್ಲು ಸವರುತ್ತಿದ್ದ. ನನ್ನ ಅಪ್ಪ ನನ್ನ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ನನಗೆ ಸಂತೋಷವಾಗುತ್ತಿತ್ತು. ಅಣ್ಣ ಸತ್ತ ಮನೆಯಲ್ಲಿ, ಹನ್ನೆರಡು ವರ್ಷದ ನಾನು, ಆ ಒಂದು ತಿಂಗಳು ಸಂತೋಷವಾಗಿದ್ದೆ.

"ನಗಬ್ಯಾಡ. ನಿಮ್ಮಣ್ಣ ಫೋಟೋದಾಗ ನಕ್ಕಿಲ್ಲ."

ನಗದೆ, ಕಣ್ಣು ಮಿಟುಕಿಸದೆ, ಮುಖದಲ್ಲಿ ಏನನ್ನೂ ತೋರಿಸದೆ ಕೂರುವುದನ್ನು ನಾನು ಕಲಿತದ್ದು ಅಲ್ಲಿ. ಮುಂದೆ ಜೀವನಪೂರ್ತಿ ಜನ ನನ್ನನ್ನು 'ಕಲ್ಲಿನಂಥಾಕಿ' ಎಂದು ಕರೆದಿದ್ದಾರೆ. ಅವರಿಗೆ ಏನೂ ಗೊತ್ತಿರಲಿಲ್ಲ.

ಮೀಸೆ ಕಡೆಯುವ ದಿನ ಬಂತು. ಮೀಸೆ ಎಲ್ಲಿಂದ ಏಳಬೇಕು, ಟೋಪಿ ಹಣೆಯ ಮೇಲೆ ಎಲ್ಲಿ ಕೂರಬೇಕು ಎಂಬುದು ಅಪ್ಪನಿಗೆ ಬಗೆಹರಿಯುತ್ತಿರಲಿಲ್ಲ. ಅವನು ಅಣ್ಣನ ಟ್ರಂಕು ತೆರೆದ. ಅಂಗಿ ತೆಗೆದು ನನಗೆ ತೊಡಿಸಿದ, ಹೆರಳನ್ನು ಮೇಲಕ್ಕೆ ಸುತ್ತಿ ಟೋಪಿಯೊಳಗೆ ಸೇರಿಸಿದ, ಒಲೆಯ ಇದ್ದಿಲಿನಿಂದ ನನ್ನ ಮೇಲ್ದುಟಿಯ ಮೇಲೆ ಸಣ್ಣ ಮೀಸೆ ಬರೆದ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದ ಅಪ್ಪನ ಬಾಯಿ ತೆರೆದೇ ಉಳಿಯಿತು. ನನಗೆ ಕನ್ನಡಿ ಬೇಕಾಗಲಿಲ್ಲ.

ಅವತ್ತು ಕಳೆ ತೆಗೆಯುವ ಕೆಲಸ ಮಧ್ಯಾಹ್ನಕ್ಕೇ ಮುಗಿದಿತ್ತಂತೆ. ಅವ್ವ ಮುಂಬಾಗಿಲಿನಿಂದ ಬಂದು, ಕತ್ತಲೆಯ ಅಡುಗೆಮನೆ ದಾಟಿ, ಹಿತ್ತಲ ಬಾಗಿಲಲ್ಲಿ ನಿಂತಳು. ಅವಳ ಕೈಯಲ್ಲಿದ್ದ ಕುಡುಗೋಲು ಕೆಳಗೆ ಬಿದ್ದ ಸದ್ದಿಗೆ ನಾನು ತಿರುಗಿದೆ.

"ಬಂದ್ಯೇನೋ ಯಪ್ಪಾ? ಬಂದ್ಯೇನೋ?"

ಓಡಿ ಬಂದು ನನ್ನನ್ನು ತಬ್ಬಿಕೊಂಡಳು. ತಲೆ, ಬೆನ್ನು, ತೋಳು ಎಲ್ಲ ತಡವಿದಳು. ಬೆವರು, ಹಸಿ ಮಣ್ಣು, ಎಲೆಯಡಿಕೆಯ ವಾಸನೆ. ಅವಳ ಕೆನ್ನೆ ನನ್ನ ಕೆನ್ನೆಗೆ ಒತ್ತಿತ್ತು. ಇದ್ದಿಲು ಅವಳ ಮುಖಕ್ಕೂ ಹತ್ತಿತು. ಆಗ ನಾನು 'ಯವ್ವಾ, ನಾನು, ಗಂಗಿ' ಎನ್ನಬೇಕಿತ್ತು. ಅನ್ನಲಿಲ್ಲ. ಅಷ್ಟು ಗಟ್ಟಿಯಾಗಿ ನನ್ನನ್ನು ಯಾರೂ ಎಂದೂ ಅಪ್ಪಿಕೊಂಡಿರಲಿಲ್ಲ. ಇನ್ನೊಂದು ಗಳಿಗೆ, ಇನ್ನೊಂದೇ ಗಳಿಗೆ ಎಂದು ಉಸಿರು ಹಿಡಿದು ಅಣ್ಣನಾಗಿಯೇ ನಿಂತೆ. ಅಪ್ಪ ಕೂಡ ಸುಮ್ಮನಿದ್ದ.

ಅವ್ವನ ಕೈ ತಾಗಿ ಟೋಪಿ ಜಾರಿತು. ಹೆರಳು ಬಿಚ್ಚಿ ಬೆನ್ನ ಮೇಲೆ ಬಿತ್ತು. ಅವಳು ನನ್ನ ಎರಡೂ ಭುಜ ಹಿಡಿದು ದೂರ ಸರಿಸಿ ನೋಡಿದಳು. ಆಮೇಲೆ ಕೆನ್ನೆಗೆ ಹೊಡೆದಳು. ಹೊಡೆತಕ್ಕೆ ನಾನು ಒರಳಿಗೆ ಎಡವಿ ಕೆಳಗೆ ಬಿದ್ದೆ. ಅವ್ವ ನನ್ನತ್ತ ನೋಡಲೇ ಇಲ್ಲ. ಅಪ್ಪನ ಕಡೆ ತಿರುಗಿದಳು. ಅವನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

"ಹ್ವಾದಾಂವ ಹ್ವಾದ. ಇದ್ದಾಕಿನೂ ಕಳದ್ಯಲ್ಲೋ ನೀನು!"

ಆ ಮಾತಿನ ಅರ್ಥ ನನಗೆ ಅಂದು ಆಗಲಿಲ್ಲ. ದಿನ ಕಳೆದಂತೆ ಅರ್ಥವಾಯಿತು. ಅವ್ವ ನನ್ನ ಮುಖ ನೋಡುವುದನ್ನು ನಿಲ್ಲಿಸಿದಳು. ಬಯ್ಯಲಿಲ್ಲ, ಹಸಿವಿನಲ್ಲಿ ಇಡಲಿಲ್ಲ. ರೊಟ್ಟಿ ಹಾಕುವಾಗ ತಾಟು ನೋಡುತ್ತಿದ್ದಳು, ಮಾತಾಡುವಾಗ ಗೋಡೆ ನೋಡುತ್ತಿದ್ದಳು. ನಾನು ಎದುರಿಗೆ ಬಂದರೆ ಕಣ್ಣಿಗೆ ಹೊಗೆ ಬಡಿದವಳ ಹಾಗೆ ಮುಖ ತಿರುಗಿಸುತ್ತಿದ್ದಳು. ಜ್ವರ ಬಂದು ಮಲಗಿದಾಗ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿದಳು. ಬಟ್ಟೆಯನ್ನು ಮೂಗಿನ ತನಕ ಎಳೆದಳು.

ಉಳಿದದ್ದು ಒಂದೇ. ಬೆಳಿಗ್ಗೆ ತಲೆ ಬಾಚುವುದು. ನಾನು ಹೊಸ್ತಿಲ ಮೇಲೆ, ಅವಳು ನನ್ನ ಹಿಂದೆ. ಹಿಂದಿನಿಂದ ನನ್ನ ಮುಖ ಕಾಣುವುದಿಲ್ಲವಲ್ಲ. ಕೊಬ್ಬರಿ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಮೂರು ಕಾಲಿನ ಹೆರಳು ಹಾಕುವಷ್ಟು ಹೊತ್ತು ಅವಳು ಮೊದಲಿನ ಅವ್ವನೇ. 'ಹೇನು ಎಲ್ಲಿಂದ ತಂದಿ', 'ಸಾಲ್ಯಾಗ ಏನ ಕಲಿಸಿದ್ರು' ಎಂದು ಕೇಳುತ್ತಿದ್ದಳು. ನಾನು ಬಾಚಣಿಗೆ ಬೇಗ ಸಾಗದಿರಲೆಂದು ಮಲಗುವಾಗ ಕೂದಲನ್ನು ಕೈಯಿಂದ ಕೆದರಿ ಸಿಕ್ಕು ಮಾಡಿಕೊಳ್ಳುತ್ತಿದ್ದೆ. ಕೂದಲು ಕತ್ತರಿಸಲು ನಾನು ಯಾರಿಗೂ ಎಂದೂ ಬಿಡಲಿಲ್ಲ.

ಸ್ಮಾರಕ ತೆರೆದ ದಿನ ಊರೆಲ್ಲ ಸೇರಿತ್ತು. ವೇದಿಕೆಯ ಮೇಲೆ ಅವ್ವನಿಗೊಂದು ಕುರ್ಚಿ. ದೊಡ್ಡ ಅಧಿಕಾರಿಯೊಬ್ಬರು ಹಗ್ಗ ಎಳೆದರು, ಬಿಳಿ ಬಟ್ಟೆ ಜಾರಿತು, ಶಾಲೆಯ ಮಕ್ಕಳು ಕೈ ಎತ್ತಿ ಜೈಕಾರ ಕೂಗಿದರು. ಅವ್ವ ಮಾತ್ರ ಕೊರಳಿನ ಹಾರದ ಹೂವನ್ನೇ ನೋಡುತ್ತ ಕುಳಿತಳು, ತಲೆ ಎತ್ತಲಿಲ್ಲ. ಚಪ್ಪಾಳೆ ನಿಂತು ಒಂದು ಕ್ಷಣ ಸದ್ದಿಲ್ಲದಾದಾಗ ಹೆಂಗಸರ ಗುಂಪಿನಿಂದ ಯಾರೋ ಅಂದರು:

"ಅಯ್ಯ, ಇದು ನಮ್ಮ ಗಂಗಿ ಮಾರಿ ಐತಲ್ಲ! ಮೀಸಿ ಹಚ್ಚ್ಯಾರಷ್ಟ."

ಕೆಲವರು ನಕ್ಕರು. ಕೆಟ್ಟ ಮನಸ್ಸಿನಿಂದಲ್ಲ, ಇದ್ದದ್ದನ್ನು ಕಂಡು ನಕ್ಕರು. ಕಲ್ಲಿನ ಪಕ್ಕದಲ್ಲಿ ಹೊಸ ರುಮಾಲು ಸುತ್ತಿ ನಿಂತಿದ್ದ ಅಪ್ಪ ಕಲ್ಲನ್ನು ನೋಡಿದ, ಗುಂಪಿನಲ್ಲಿ ನನ್ನನ್ನು ಹುಡುಕಿ ನೋಡಿದ, ಮತ್ತೆ ಕಲ್ಲನ್ನು ನೋಡಿದ. ತಾನು ಮಾಡಿದ್ದೇನು ಎಂದು ಅವನಿಗೆ ತಿಳಿದದ್ದು ಆಗಲೇ ಇರಬೇಕು. ಮರುದಿನ ಬೆಳಿಗ್ಗೆ ಉಳಿ ಸುತ್ತಿಗೆ ತೆಗೆದುಕೊಂಡು ಚೌಕಕ್ಕೆ ಹೋದ. ನಾನು ಬೆನ್ನು ಹತ್ತಿದೆ. ಮುಖದ ಮೇಲೆ ಉಳಿ ಇಟ್ಟು ಇನ್ನೇನು ಹೊಡೆಯಬೇಕು, ಎದುರಿನ ಚಹಾದಂಗಡಿಯಿಂದ ಮಾಸ್ತರರು ಓಡಿ ಬಂದು ಕೈ ಹಿಡಿದರು.

"ಏನ್ ಮಾಡ್ತಿ ಯಮನಪ್ಪ?"

"ತಪ್ಪಾಗೈತ್ರಿ. ಅಳಸ್ತೀನಿ. ನೀವು ಮೊದಲ ಹೇಳಿದಂಗ ಮಾರಿ ಇಲ್ಲದ ಇರ್ಲಿ."

"ಹಂಗ ಮಾಡಾಕ ಬರಂಗಿಲ್ಲೋ. ಇದು ಈಗ ನಿಂದಲ್ಲ, ಊರಿಂದು. ನಿನ್ನೆ ಎಲ್ಲಾರೂ ಕೈ ಮುಗದಾರ."

ಅಪ್ಪ ತಾನೇ ಜೋಡಿಸಿದ ಮೆಟ್ಟಿಲ ಮೇಲೆ ಕುಸಿದು ಕುಳಿತ. ಬಿಸಿಲೇರಿದ ಮೇಲೆ ನಾನೇ ಕೈ ಹಿಡಿದು ಮನೆಗೆ ಕರೆತಂದೆ. ಆಮೇಲೆ ಅವನು ಹಿತ್ತಲಲ್ಲಿ ಕೆಲಸಕ್ಕೆ ಕೂರಲಿಲ್ಲ. ಕುಷ್ಟಗಿ ಕಡೆಯ ಕಲ್ಲುಗಣಿಗೆ ಕೂಲಿಗೆ ಹೋದ. ಅಮಾವಾಸ್ಯೆಗೊಮ್ಮೆ ಮನೆಗೆ ಬರುತ್ತಿದ್ದ, ಬಂದಾಗಲೆಲ್ಲ ಕೆಮ್ಮು ಸ್ವಲ್ಪ ಹೆಚ್ಚಾಗಿರುತ್ತಿತ್ತು. ನಾನು ದಾದಿಯ ತರಬೇತಿ ಮುಗಿಸುವ ವರ್ಷ ಹಾಸಿಗೆ ಹಿಡಿದ. ಕೊನೆಯ ದಿನಗಳಲ್ಲಿ ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದ. ಕಣ್ಣಲ್ಲಿ ಬೆಳಕಿತ್ತು.

"ಈಗ ನೆನಪಾತು ನೋಡು. ಹುಲಗಪ್ಪನ ಮೂಗು ಒಂದೀಟು ಉದ್ದ ಇತ್ತು. ಎಡಕ್ಕ ಸಣ್ಣಂಗ ವಾಲಿತ್ತು. ಪೂರಾ ಕಾಣಾಕತ್ತೈತಿ ಗಂಗೀ. ಪೂರಾ."

ಆ ಮುಖ ಅವನ ಜೊತೆಗೇ ಹೋಯಿತು.

ಅಳವಂಡಿ ಕಡೆಯ ಹಳ್ಳಿಯೊಂದರಲ್ಲಿ ನನಗೆ ದಾದಿಯ ಕೆಲಸ ಸಿಕ್ಕಿತು. ಅವ್ವನನ್ನು ಕರೆದುಕೊಂಡು ಬಂದೆ. ಮದುವೆ ಆಗಲಿಲ್ಲ, ನೋಡಲು ಬಂದವರ ಎದುರು ತಲೆ ಎತ್ತಿ ಕೂರುವುದು ನನ್ನಿಂದ ಆಗಲಿಲ್ಲ. ಇಬ್ಬರೂ ಒಂದೇ ಸೂರಿನಡಿ, ಅವಳು ಗೋಡೆ ನೋಡುತ್ತ, ನಾನು ನೆಲ ನೋಡುತ್ತ ವರ್ಷಗಟ್ಟಲೆ ಬದುಕಿದೆವು. ಆಮೇಲೆ ಅವ್ವನ ಕಣ್ಣಿಗೆ ಪೊರೆ ಬಂತು. ಮೊದಲು ಸೂಜಿಗೆ ದಾರ ಹಾಕಲು ಆಗದಾಯಿತು, ಬರಬರುತ್ತ ಬೆಳಕು ಕತ್ತಲೆಯ ಹೊರತು ಏನೂ ಕಾಣದಾಯಿತು. ಅವಳಿಗೆ ಕಾಣದಾದಂತೆ ನಾವು ಹತ್ತಿರವಾದೆವು. ನನ್ನ ಕಡೆಗೇ ಮುಖ ಮಾಡಿ ಕೂರುತ್ತಿದ್ದಳು. ಕೈ ಹಿಡಿದುಕೊಂಡು ತನ್ನ ತವರಿನ ಕಥೆ ಹೇಳುತ್ತಿದ್ದಳು, ಇಂದು ಯಾವ ಬಣ್ಣದ ಸೀರೆ ಉಟ್ಟಿದ್ದೀಯೆಂದು ಕೇಳುತ್ತಿದ್ದಳು. ಹಳ್ಳಿ ಹಳ್ಳಿ ತಿರುಗಿ ಮುದುಕರನ್ನೆಲ್ಲ ಪೊರೆ ತೆಗೆಸಲು ಗಾಡಿ ಹತ್ತಿಸುತ್ತಿದ್ದ ನಾನು, ಹೆತ್ತವಳನ್ನು ಎರಡು ವರ್ಷ ಕುರುಡಿಯಾಗಿಯೇ ಇರಿಸಿಕೊಂಡೆ. ಅಕ್ಕಪಕ್ಕದವರು ಕೇಳಿದರೆ ಆಪರೇಷನ್ನನ್ನು ಅವಳ ಜೀವ ತಡೆಯುವುದಿಲ್ಲ ಎಂದು ಸುಳ್ಳು ಹೇಳಿದೆ. ಒಂದು ದಿನ ಅವಳು ತಡವರಿಸುತ್ತ ಹೋಗಿ ಉರಿಯುವ ಒಲೆಯ ಮೇಲೆ ಕೈಯೂರಿದಳು. ಸುಟ್ಟ ಅಂಗೈಗೆ ಮುಲಾಮು ಹಚ್ಚುತ್ತ, ಇನ್ನು ಸಾಕು ಎನಿಸಿತು. ಕೊಪ್ಪಳಕ್ಕೆ ಕರೆದೊಯ್ದು ಪೊರೆ ತೆಗೆಸಿದೆ.

ಪಟ್ಟಿ ಬಿಚ್ಚುವಾಗ ನಾನೇ ಮುಂದೆ ನಿಂತಿದ್ದೆ. ವಾರ್ಡಿನಲ್ಲಿ ಎಲ್ಲರೂ ಹಾಕಿಕೊಳ್ಳುವಂತೆ ನಾನೂ ಮಾಸ್ಕ್ ಹಾಕಿಕೊಂಡಿದ್ದೆ. ಅವ್ವ ಕಣ್ಣು ಬಿಟ್ಟಳು. ಚಾವಣಿ, ಕಿಟಕಿ, ತನ್ನ ಕೈ ನೋಡಿಕೊಂಡಳು. ಆಮೇಲೆ ನನ್ನನ್ನು.

"ಗಂಗೀ?"

"ಹೂಂ ಅವ್ವಾ."

"ಕೂದಲಾ ಭಾಳ ಬೆಳ್ಳಗಾಗ್ಯಾವಲ್ಲ ನಿನ್ನಾವು."

ನಾನು ನಕ್ಕು ಮಾಸ್ಕಿನ ದಾರಕ್ಕೆ ಕೈ ಹಾಕಿದೆ. ಅವಳು ನನ್ನ ಮಣಿಕಟ್ಟು ಹಿಡಿದಳು. ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಕಣ್ಣು ಕಾಣುವ ಅವ್ವನಿಂದ ಎಷ್ಟೋ ವರ್ಷ ನಾನು ಕೇಳದ ಪ್ರೀತಿಯಿತ್ತು.

"ಅದನ್ನ ತಗಿಬ್ಯಾಡ ನನ್ನವ್ವಾ. ಹಂಗ ಇರ್ಲಿ. ಕೈ ಮುಗಿತೀನಿ."

ತೆಗೆಯಲಿಲ್ಲ. ಅವ್ವ ಮತ್ತೆ ಒಂದು ವರ್ಷದ ಹತ್ತಿರ ಬದುಕಿದಳು. ಮನೆಯೊಳಗೆ ನಾನು ಮಾಸ್ಕ್ ಹಾಕಿಕೊಂಡೇ ರೊಟ್ಟಿ ಬಡಿದೆ, ಹಾಕಿಕೊಂಡೇ ಅವಳಿಗೆ ಉಣ್ಣಿಸಿದೆ. ನಾನು ಉಣ್ಣುವಾಗ ಅವಳಿಗೆ ಬೆನ್ನು ತಿರುಗಿಸಿ ಕೂರುತ್ತಿದ್ದೆ. ಬಂದುಹೋಗುವವರು ಈಕೆಗೆ ರೋಗದ ಭಯ ಎಂದುಕೊಂಡರು. ಒಂದು ಬೆಳಿಗ್ಗೆ ಚಹಾ ತೆಗೆದುಕೊಂಡು ಹೋದಾಗ ಅವ್ವ ಕಣ್ಣು ತೆರೆದುಕೊಂಡೇ ಹೋಗಿದ್ದಳು. ಮೊದಲು ಅವಳ ರೆಪ್ಪೆಗಳನ್ನು ನನ್ನ ಕೈಯಿಂದ ಮುಚ್ಚಿದೆ. ಸರಿಯಾಗಿ ಮುಚ್ಚಿವೆಯೇ ಎಂದು ಮತ್ತೊಮ್ಮೆ ನೋಡಿದೆ. ಆಮೇಲೆ ಮಾಸ್ಕ್ ತೆಗೆದೆ.